ಬಿಟ್ಟುಹೋದ ಆ ಮೂವರು ಯಾರು?

ಆತ್ಮೀಯರೇ,

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಕಳೆದ ಎರಡು ವರ್ಷಗಳ ಬಗ್ಗೆ ನೀವು ಬರೆದ ಲೇಖನ ತಲುಪಿತು. ಎಂ.ಎ. ಕನ್ನಡ ಮುಗಿಸಿ ಹೊರಡುವ ಇಡೀ ತರಗತಿಯ ಪರವಾಗಿ ಬರೆದಿದ್ದೇನೆ ಅಂದಿದ್ದೀರಿ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ. ಮೆಸ್ಸಿನಲ್ಲಿ ಮುದ್ದೆ ಮಾಡಿದ ದಿನ ಇಂಡಿ ಕಡೆಯ ಹುಡುಗಿ ಊರಿಂದ ತಂದ ಖಡಕ್ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು ಅನ್ನೋ ಮಾತು ಇಷ್ಟವಾಯಿತು. ಆದರೂ ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲಾರೆ.

ಮೊದಲ ಪುಟದ ಚರಿತ್ರೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1916ರಲ್ಲಿ ನಾಲ್ವಡಿಯವರು ವಿಶ್ವವಿದ್ಯಾನಿಲಯ ಶುರು ಮಾಡಿದ್ದು, 1960ರ ಹೊತ್ತಿಗೆ ಬಂದ ಕ್ಯಾಂಪಸ್ಸಿಗೆ ಕುವೆಂಪು ಮಾನಸಗಂಗೋತ್ರಿ ಅಂತ ಹೆಸರಿಟ್ಟಿದ್ದು, ಎಲ್ಲ ಸರಿಯಾಗಿಯೇ ಇದೆ. ಅಲ್ಲಿ ಓದಿ ಬರೆಯುವವರೆಲ್ಲ ಅದರಿಂದಲೇ ಶುರು ಮಾಡುತ್ತಾರೆ. ತೆಗೆದುಬಿಡಿ.

ನನ್ನನ್ನು ತಡೆದು ನಿಲ್ಲಿಸಿದ್ದು ನಾಲ್ಕನೇ ಪುಟದ ಸಾಲು. ‘ಕೋಟೆಯ ಗೆಳತಿಯೂ ಸೇರಿ ಮೂವರು ಅನಿವಾರ್ಯ ಕಾರಣಗಳಿಂದ ಮಧ್ಯದಲ್ಲೇ ಬಿಟ್ಟುಹೋದರೂ ನಾವೆಲ್ಲ ಒಂದೇ ಕುಟುಂಬದವರಂತೆ ಇದ್ದೆವು.’ ಇದನ್ನು ಓದಿದವನು ಮತ್ತೆ ಎರಡನೇ ಪುಟಕ್ಕೆ ಹೋದೆ. ಅಲ್ಲಿ ಹೀಗಿದೆ: ‘ಎಚ್.ಡಿ. ಕೋಟೆಯ ಗೆಳತಿಯ ಮುದ್ದಾದ ಅಕ್ಷರದ ಹಳಗನ್ನಡ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡೇ ನಾವೆಲ್ಲ ಪಾಸಾದೆವು.’

ಎರಡೂ ಕಡೆ ಇರುವುದು ಒಬ್ಬರೇ ಅಲ್ವಾ? ಯಾರ ನೋಟ್ಸ್ ಓದಿ ನಿಮ್ಮ ತರಗತಿ ಪಾಸಾಯಿತೋ, ಆ ಹುಡುಗಿಗೇ ಡಿಗ್ರಿ ಇಲ್ಲ. ಇದು ನಿಮ್ಮ ಲೇಖನದಲ್ಲಿ ಇದೆ, ಆದರೆ ನೀವು ಹೇಳಿಲ್ಲ. ಎರಡು ಪುಟಗಳ ದೂರದಲ್ಲಿಟ್ಟು ದಾಟಿಹೋಗಿದ್ದೀರಿ.

ಆ ಸಾಲನ್ನೇ ಬಿಡಿಸಿ ನೋಡೋಣ. ‘ಅನಿವಾರ್ಯ ಕಾರಣಗಳಿಂದ’ ಅಂದಿದ್ದೀರಿ. ಯಾವ ಕಾರಣ? ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ನೀವು ಸೇರಿದ್ದು 2023ರ ಕೊನೆಯಲ್ಲಿ ಅಂತ ಬರೆದಿದ್ದೀರಿ. ಆ ವರ್ಷ ಜೂನ್‌ನಲ್ಲೇ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾಗಿತ್ತು. ಹಾಗಾಗಿ ಬಸ್ ಚಾರ್ಜಿಗೆ ದುಡ್ಡಿಲ್ಲದೆ ಬಿಟ್ಟಿರಲಾರರು. ಮತ್ತೇನು? ಕತ್ತಲಾದ ಮೇಲೆ ಬಸ್ ಸ್ಟ್ಯಾಂಡಿನಿಂದ ಊರೊಳಗೆ ಹೋಗೋದು ಕಷ್ಟವಾಗಿತ್ತಾ? ಮದುವೆ ಗೊತ್ತಾಯಿತಾ? ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರಾ? ನನಗೆ ಗೊತ್ತಿಲ್ಲ. ದಿನಾ ಪಕ್ಕದಲ್ಲಿ ಕೂತ ನಿಮಗೆ ಗೊತ್ತಿರಬೇಕು. ಇಲ್ಲದಿದ್ದರೆ ಅದೂ ಬರೆಯಬೇಕಾದ ಸಂಗತಿಯೇ.

ಆಮೇಲೆ ‘ನಾವೆಲ್ಲ’. ಪ್ರತಿ ಪ್ಯಾರಾದಲ್ಲೂ ಇದೆ. ನಾವೆಲ್ಲ ನಕ್ಕೆವು, ನಾವೆಲ್ಲ ಅತ್ತೆವು, ನಾವೆಲ್ಲ ಬೆಳೆದೆವು. ಇದರಲ್ಲಿ ಆ ಮೂವರು ಇದ್ದಾರೋ ಇಲ್ಲವೋ? ಇದ್ದರೆ ಬೀಳ್ಕೊಡುಗೆ ದಿನದ ಗ್ರೂಪ್ ಫೋಟೋಕ್ಕೆ ಅವರನ್ನು ಕರೆದಿರಾ? ಇಲ್ಲದಿದ್ದರೆ ಕುಟುಂಬ ಅನ್ನೋ ಮಾತನ್ನು ನಾನು ನಂಬುವುದಾದರೂ ಹೇಗೆ?

ನಾನು ಕೆಲಸ ಕಲಿತದ್ದು ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ. ಹಳ್ಳಿ ವರದಿಗಾರರು ಸುದ್ದಿ ಬರೆದು ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು, ಕೆಲವರು ತಾವೇ ತರುತ್ತಿದ್ದರು. ‘ಜಾತ್ರೆ ವಿಜೃಂಭಣೆಯಿಂದ ನೆರವೇರಿತು, ಸಾವಿರಾರು ಭಕ್ತರು ಪಾಲ್ಗೊಂಡಿದ್ದರು.’ ನಮ್ಮ ಹಿರಿಯ ಉಪಸಂಪಾದಕರು ಆ ಹಾಳೆಯನ್ನು ಪಕ್ಕಕ್ಕಿಟ್ಟು, ಬಂದವರನ್ನು ಕೂರಿಸಿ ಟೀ ತರಿಸೋರು. ‘ತೇರಿನ ಹಗ್ಗ ಈ ಸಲ ಯಾರು ಕೊಟ್ರು?’ ಅಂತ ಕೇಳೋರು. ಅಷ್ಟು ಸಾಕು. ಹೋದ ವರ್ಷ ಹಗ್ಗ ಕಿತ್ತು ತೇರು ನಡುಬೀದಿಯಲ್ಲಿ ನಿಂತದ್ದು, ಹೊಸ ಹಗ್ಗದ ಖರ್ಚಿಗೆ ಎರಡು ಕೇರಿಯವರು ಮಾತು ಬಿಟ್ಟದ್ದು, ಕೊನೆಗೆ ಜಾತ್ರೆಯ ಹಿಂದಿನ ರಾತ್ರಿ ಟ್ರ್ಯಾಕ್ಟರಿನಲ್ಲಿ ಹಗ್ಗ ಬಂದದ್ದು, ಎಲ್ಲ ಹೊರಗೆ ಬರುತ್ತಿತ್ತು. ಅವರು ನನ್ನ ಕಡೆ ತಿರುಗಿ, ‘ಈಗ ಹೇಳಿದ್ರಲ್ಲ, ಅದನ್ನ ಬರ್ಕೋ’ ಅನ್ನೋರು. ಆ ವರದಿಗಾರರಿಗೆ ಬರೆಯೋಕೆ ಬರುತ್ತಿರಲಿಲ್ಲ ಅಂತಲ್ಲ. ಪೇಪರಿಗೆ ಅಂದರೆ ಹೀಗೇ ಬರೆಯಬೇಕು ಅಂತ ನಂಬಿದ್ದರು. ನಿಮ್ಮ ಲೇಖನ ಓದುವಾಗ ಪುಟಪುಟಕ್ಕೂ ಅವರೇ ನೆನಪಾದರು.

ಐದನೇ ಪುಟದಲ್ಲೂ ಹೀಗೇ ಆಗಿದೆ. ‘ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ಸಂಜೆಗಳನ್ನು ಶಬ್ದಗಳಲ್ಲಿ ಹೇಳಲು ಸಾಧ್ಯವಿಲ್ಲ.’ ಸಾಧ್ಯವಿಲ್ಲ ಅಂತ ನಿಮಗೆ ಯಾರು ಹೇಳಿದರು? ಆ ಏರಿ ಮೇಲೆ ಯಾರ ಜೊತೆ ನಡೆದಿರಿ, ಏನು ಮಾತಾಡಿದಿರಿ? ಒಂದು ಸಂಜೆ ಸಾಕು. ಕಾಲೇಜಿನಲ್ಲಿ ಪಾಠ ಹೇಳೋ ಕೆಲಸಕ್ಕೆ ಬರೆಯುವ ನೆಟ್ ಪರೀಕ್ಷೆ ಪಾಸಾಗದಿದ್ದರೆ ಮುಂದೇನು ಅಂತ ಕೇಳಿಕೊಂಡಿದ್ದರೆ ಅದನ್ನೇ ಬರೆಯಿರಿ. ಸುಮ್ನೆ ಕೂತು ಹೆಜ್ಜಾರ್ಲೆ ಹಕ್ಕಿ ನೋಡಿದ್ದರೆ ಅದನ್ನು ಬರೆಯಿರಿ.

ಉಳಿದ ಪುಟಗಳನ್ನು ಈಗ ಮುಟ್ಟುವುದಿಲ್ಲ. ಆ ಗೆಳತಿಯ ಬಗ್ಗೆ ಬರೆದರೆ ಅವು ತಾವಾಗಿಯೇ ಬದಲಾಗುತ್ತವೆ.

ಮೊದಲು ಅವರಿಗೆ ಫೋನ್ ಮಾಡಿ. ‘ನನ್ನ ಬಗ್ಗೆ ಬರೆಯೋದು ಬೇಡ’ ಅಂತ ಅವರು ಅಂದರೆ ಬೇಡ, ಬಲವಂತ ಮಾಡಬೇಡಿ. ಹೆಸರು ಬದಲಾಯಿಸಿ ಅಂದರೆ ಬದಲಾಯಿಸಿ. ನೋಟ್ಸಿನ ಜೆರಾಕ್ಸ್ ಇನ್ನೂ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ. ಅಂಚಿನಲ್ಲಿ ಏನು ಗೀಚಿದ್ದಾರೆ, ಯಾವ ಪದ್ಯಕ್ಕೆ ಬಂದು ನೋಟ್ಸ್ ನಿಂತಿದೆ, ಬರೆದುಕೊಳ್ಳಿ.

ಘಟಿಕೋತ್ಸವಕ್ಕೆ ಮುಂಚೆ ಪ್ರಕಟವಾಗಬೇಕು ಅಂತ ಕೇಳಿದ್ದೀರಿ. ಅವಸರ ಬೇಡ. ಅವರ ಹತ್ತಿರ ಮಾತಾಡಿದ ಮೇಲೆ ಕಳಿಸಿ, ಯಾವ ಸಂಚಿಕೆಯಾದರೂ ಜಾಗ ಮಾಡುತ್ತೇನೆ.