ಔಟ್‌ಸ್ವಿಂಗ್ ಬರುತ್ತಿಲ್ಲವೇ? ಗ್ರಿಪ್ ಬಿಡಿ, ಮಣಿಕಟ್ಟು ನೋಡಿ

ಸ್ವಿಂಗ್ ಬೌಲಿಂಗ್, ಅಂದರೆ ಚೆಂಡನ್ನು ಗಾಳಿಯಲ್ಲೇ ಪಕ್ಕಕ್ಕೆ ಸರಿಸುವುದರ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಊರು ಬೇರೆ, ವಯಸ್ಸು ಬೇರೆ, ಕೇಳುವುದು ಮಾತ್ರ ಒಂದೇ: ‘ಸರ್, ಯಾವ ಗ್ರಿಪ್?’ ಈ ಸಲ ಹೆಚ್ಚಿನ ಜಾಗ ಅದಕ್ಕೇ ಕೊಡುತ್ತಿದ್ದೇನೆ. ಸೀಮ್ ಎಂದರೇನು, ಹೊಳಪಿನ ಭಾಗ ಯಾವುದು ಎಂಬಷ್ಟು ಗೊತ್ತಿಲ್ಲದವರು ಮೊದಲು ಒಂದು ಲೆದರ್ ಬಾಲ್ ಕೈಯಲ್ಲಿ ಹಿಡಿದು ನೋಡಿ (ನಡುವೆ ಎದ್ದು ನಿಂತ ಹೊಲಿಗೆಯೇ ಸೀಮ್), ಆಮೇಲೆ ಓದಿ.

ಪ್ರಶ್ನೆ: ನನಗೆ 17 ವರ್ಷ, ಬಲಗೈ ಮಧ್ಯಮ ವೇಗಿ. ವಿಡಿಯೊದಲ್ಲಿ ತೋರಿಸಿದಂತೆಯೇ ಹಿಡಿಯುತ್ತೇನೆ. ಸೀಮ್ ಮೊದಲ ಸ್ಲಿಪ್ ಕಡೆಗೆ, ಹೊಳಪು ಬಲಗಡೆಗೆ. ಆದರೂ ಹತ್ತರಲ್ಲಿ ಒಂದೋ ಎರಡೋ ಹೊರಗೆ ಹೋಗುತ್ತವೆ, ಉಳಿದವು ನೇರ. ನಾಲ್ಕು ಗ್ರಿಪ್ ಬದಲಿಸಿದೆ. ಸರಿಯಾದ ಔಟ್‌ಸ್ವಿಂಗ್ ಗ್ರಿಪ್ ಯಾವುದು?

ನಿಮ್ಮ ಮೊದಲ ಗ್ರಿಪ್ಪೇ ಸರಿಯಾಗಿತ್ತು. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅದೇ ಚೆಂಡು, ಅದೇ ಹಿಡಿತ, ಅದೇ ಗಾಳಿ, ಹತ್ತರಲ್ಲಿ ಎರಡು ಸ್ವಿಂಗ್ ಆದವು. ಗ್ರಿಪ್ ತಪ್ಪಾಗಿದ್ದರೆ ಆ ಎರಡೂ ಆಗುತ್ತಿರಲಿಲ್ಲ. ಆ ಎರಡಕ್ಕೂ ಉಳಿದ ಎಂಟಕ್ಕೂ ಇರುವ ವ್ಯತ್ಯಾಸ ಚೆಂಡು ಬೆರಳು ಬಿಡುವ ಕ್ಷಣದ್ದು. ಗ್ರಿಪ್ ಬದಲಿಸುತ್ತಾ ಹೋದರೆ ಆ ಎರಡನ್ನೂ ಕಳೆದುಕೊಳ್ಳುತ್ತೀರಿ.

ಚೆಂಡು ಗಾಳಿಯಲ್ಲಿ ಹೋಗುವಾಗ ಸೀಮ್ ಇರುವ ಕಡೆಯ ಗಾಳಿ ಹೊಲಿಗೆಗೆ ತಾಗಿ ಕಲಕುತ್ತದೆ. ಕಲಕಿದ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿದ್ದು ತಡವಾಗಿ ಬಿಡುತ್ತದೆ. ನುಣುಪಾದ ಕಡೆಯ ಗಾಳಿ ಬೇಗ ಬಿಟ್ಟುಹೋಗುತ್ತದೆ. ಈ ಅಸಮತೋಲವೇ ಚೆಂಡನ್ನು ಸೀಮ್ ನೋಡುತ್ತಿರುವ ದಿಕ್ಕಿಗೆ ತಳ್ಳುವುದು. ಇದು ನಡೆಯಬೇಕಾದರೆ ದಾರಿಯುದ್ದಕ್ಕೂ ಸೀಮ್ ಒಂದೇ ಕೋನದಲ್ಲಿ ನೆಟ್ಟಗಿರಬೇಕು. ಅದು ತೂರಾಡಿದರೆ ಒಮ್ಮೆ ಈ ಕಡೆಯ ಗಾಳಿ ಕಲಕುತ್ತದೆ, ಒಮ್ಮೆ ಆ ಕಡೆಯದು, ಎರಡೂ ವಜಾ ಆಗಿ ಚೆಂಡು ನೇರ ಹೋಗುತ್ತದೆ. ನಿಮ್ಮ ಎಂಟು ಎಸೆತಗಳಿಗೆ ಆಗುತ್ತಿರುವುದು ಬಹುಮಟ್ಟಿಗೆ ಇದೇ.

ಸೀಮ್ ನೆಟ್ಟಗೆ ನಿಲ್ಲಿಸುವುದು ಬ್ಯಾಕ್‌ಸ್ಪಿನ್, ಅಂದರೆ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುವುದು. ಬುಗುರಿ ನೆನಪಿಸಿಕೊಳ್ಳಿ. ಜೋರಾಗಿ ತಿರುಗುವಾಗ ನೆಟ್ಟಗೆ ನಿಲ್ಲುತ್ತದೆ, ವೇಗ ಇಳಿದಂತೆ ತಲೆ ತೂಗಾಡಿಸುತ್ತದೆ. ವಿಜ್ಞಾನಿ ರಬೀಂದ್ರ ಮೆಹ್ತಾ ಮತ್ತು ಜೊತೆಗಾರರು ಗಾಳಿ ಸುರಂಗದಲ್ಲಿ ಅಳೆದು ಹೇಳಿದ ಲೆಕ್ಕ ಇದು: ಹೊಸ ಚೆಂಡು ಅತಿ ಹೆಚ್ಚು ಸ್ವಿಂಗ್ ಆಗುವುದು ಸೀಮ್ ಕೋನ 20 ಡಿಗ್ರಿ, ಬ್ಯಾಕ್‌ಸ್ಪಿನ್ ಸೆಕೆಂಡಿಗೆ ಸುಮಾರು 11 ಸುತ್ತು, ವೇಗ ಗಂಟೆಗೆ 112 ಕಿಲೋಮೀಟರ್ ಆಸುಪಾಸು ಇದ್ದಾಗ. ಆ ವೇಗದಲ್ಲಿ ಚೆಂಡು ಬ್ಯಾಟರ್ ತಲುಪಲು ಸುಮಾರು 0.6 ಸೆಕೆಂಡ್, ಅಷ್ಟರಲ್ಲಿ ಆರೇಳು ಸುತ್ತು. ಅಷ್ಟೇ ಸಾಕು, ಆದರೆ ಅಷ್ಟೂ ಸುತ್ತು ಸೀಮ್‌ನ ಗೆರೆಯ ಮೇಲೇ ಆಗಬೇಕು. ವೇಗದ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಿ. ನೂರಹತ್ತು ಚಿಲ್ಲರೆ ವೇಗದ ಹುಡುಗನಿಗೆ ‘ಇನ್ನೂ ಜೋರಾಗಿ ಹಾಕು, ಆಗ ಸ್ವಿಂಗ್ ಆಗುತ್ತೆ’ ಎನ್ನುವವರು ತಪ್ಪು ಹೇಳುತ್ತಿದ್ದಾರೆ. 1983ರ ವಿಶ್ವಕಪ್‌ನಲ್ಲಿ ಅತಿ ಹೆಚ್ಚು, 18 ವಿಕೆಟ್ ತೆಗೆದ ರೋಜರ್ ಬಿನ್ನಿ ವೇಗದಿಂದ ಹೆದರಿಸಿದವರಲ್ಲ. ದಾವಣಗೆರೆಯ ವಿನಯ್ ಕುಮಾರ್ ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದದ್ದೂ ವೇಗದ ಬಲದಿಂದಲ್ಲ.

ಈಗ ಕೈಗೆ ಬನ್ನಿ. ತೋಳು ಕಿವಿಯ ಪಕ್ಕ ಬಂದಾಗ ಅಂಗೈ ಬ್ಯಾಟರ್‌ನನ್ನು ನೋಡುತ್ತಿರಬೇಕು, ಮಣಿಕಟ್ಟು ಹಿಂದಕ್ಕೆ ಬಾಗಿರಬೇಕು, ತೋರುಬೆರಳು, ನಡುಬೆರಳು ಎರಡೂ ಚೆಂಡಿನ ಬೆನ್ನ ಹಿಂದೆ ಇರಬೇಕು. ಮಣಿಕಟ್ಟು ಮುಂದಕ್ಕೆ ಮಡಚಿದಂತೆ ಬೆರಳ ತುದಿಗಳು ಸೀಮ್‌ನ ಗುಂಟ ಚೆಂಡಿನ ಬೆನ್ನನ್ನು ಕೆಳಕ್ಕೆ ಎಳೆದು ಬಿಡಬೇಕು. ಹೆಬ್ಬೆರಳು ಮೊದಲು ಬಿಡುತ್ತದೆ, ಎರಡು ಬೆರಳು ಕೊನೆಗೆ, ಒಟ್ಟಿಗೆ.

ತಪ್ಪುವುದು ಎಲ್ಲಿ? ಹೆಚ್ಚಿನವರದು ಒಂದೇ ತಪ್ಪು. ಹೊರಗೆ ಹೋಗಬೇಕು ಎಂಬ ಆಸೆಗೆ ಕೊನೆ ಗಳಿಗೆಯಲ್ಲಿ ಕೈಯಿಂದಲೇ ಚೆಂಡನ್ನು ಆಫ್ ಕಡೆಗೆ ತಳ್ಳುತ್ತಾರೆ. ಬೆರಳು ಬೆನ್ನಿನಿಂದ ಜಾರಿ ಪಕ್ಕಕ್ಕೆ ಹೋಗುತ್ತದೆ. ಅಲ್ಲಿಗೆ ಅದು ಕೆಟ್ಟ ಕಟರ್ (ಬೆರಳಿನಿಂದ ಪಕ್ಕಕ್ಕೆ ತಿರುಗಿಸಿದ ಎಸೆತ) ಆಯಿತು. ಎರಡನೆಯದು ಹೆಬ್ಬೆರಳು. ಅದರ ಪಕ್ಕದ ಅಂಚು ಕೆಳಗಿನ ಸೀಮ್ ಮೇಲೆ ಕೂರಬೇಕು. ಚರ್ಮದ ಮೇಲೆ ಕೂತರೆ ಬಿಡುವಾಗ ಚೆಂಡನ್ನು ಒಂದು ಕಡೆಗೆ ಒದೆಯುತ್ತದೆ. ಮೂರನೆಯದು ಚೆಂಡು ಅಂಗೈಯೊಳಗೆ ಹೂತುಹೋಗುವುದು. ಚೆಂಡಿಗೂ ಅಂಗೈಗೂ ನಡುವೆ ಒಂದು ಬೆರಳು ತೂರುವಷ್ಟು ಸಂದು ಬೇಕು. ಬಿಗಿತ ಎಷ್ಟಿರಬೇಕೆಂದರೆ ಗೆಳೆಯನೊಬ್ಬ ಎರಡು ಬೆರಳಲ್ಲಿ ಎಳೆದರೆ ಚೆಂಡು ಸಲೀಸಾಗಿ ಕೈಬಿಟ್ಟು ಬರಬೇಕು. ಬರಲಿಲ್ಲವೆಂದರೆ ಬಿಗಿ ಹೆಚ್ಚಾಯಿತು, ಮಣಿಕಟ್ಟು ಮರದ ಕೊರಡಿನಂತೆ ಆಗಿದೆ ಎಂದೇ ಅರ್ಥ. ಇನ್ನೊಂದು, ಜೋರು ಹಾಕಲು ಹೋಗಿ ತಲೆ ಎಡಕ್ಕೆ ಬಿದ್ದು ತೋಳು ಸುತ್ತಿಕೊಂಡು ಬರುವುದು. ತೋಳು ವಾಲಿದಷ್ಟೂ ಸೀಮ್ ತಟ್ಟೆಯ ಹಾಗೆ ಮಲಗುತ್ತದೆ.

ಮೊದಲ ಸ್ಲಿಪ್ ಮಾತು. ಅದು ಬಾಯಿ ರೂಢಿ, ಅಳತೆಯಲ್ಲ. ಸ್ಟಂಪ್‌ನಿಂದ 15 ಮೀಟರ್ ಹಿಂದೆ, ಮೂರು ಮೀಟರ್ ಪಕ್ಕಕ್ಕೆ ನಿಂತ ಸ್ಲಿಪ್ ನಿಮ್ಮ ಕೈಯಿಂದ ನೋಡಿದರೆ ಐದು ಡಿಗ್ರಿ ಮಾತ್ರ. 20 ಡಿಗ್ರಿ ಎಂದರೆ ಹೆಚ್ಚುಕಡಿಮೆ ಸ್ಲಿಪ್‌ಗಳ ಆಚೆ ನಿಲ್ಲುವ ಗಲ್ಲಿ ಫೀಲ್ಡರ್. ಗಡಿಯಾರದ ಮುಖ ಊಹಿಸಿಕೊಳ್ಳಿ, 12 ಬ್ಯಾಟರ್ ಕಡೆಗಿದೆ. ಸೀಮ್ 12ರಿಂದ 11ರ ಕಡೆಗೆ ಮೂರು ನಿಮಿಷದ ಗೆರೆ ದಾಟಿ ಸ್ವಲ್ಪ ಮುಂದೆ ಇರಲಿ. 11 ದಾಟಬಾರದು. ಕೋನ ಅತಿಯಾದರೆ ಸೀಮ್ ಗಾಳಿಗೆ ಸಿಗಬೇಕಾದ ಜಾಗದಲ್ಲಿ ಸಿಗುವುದಿಲ್ಲ, ಜೊತೆಗೆ ಬೆರಳನ್ನು ಅದರ ಗುಂಟ ಎಳೆಯುವುದೂ ಕಷ್ಟ. ಅದಕ್ಕೇ ಮೊದಲು ನೇರ ಸೀಮ್ ಕಲಿಯಿರಿ, ಕೋನ ಆಮೇಲೆ.

ಅಭ್ಯಾಸ ಹೀಗೆ. ಹಳೆಯ ಚೆಂಡಿನ ಸೀಮ್ ಮೇಲೆ ಬಿಳಿ ಬಣ್ಣ ಬಳಿಯಿರಿ. ಅಂಗಾತ ಮಲಗಿ, ಮೊಣಕೈ ನೆಲಕ್ಕೆ ಒತ್ತಿ, ಬರೀ ಮಣಿಕಟ್ಟಿನಿಂದ ಚೆಂಡನ್ನು ಮೇಲಕ್ಕೆ ಎರಡು ಮೀಟರ್ ಚಿಮ್ಮಿಸಿ. ಬಿಳಿ ಗೆರೆ ಒಂದೇ ತೆಳು ಗೆರೆಯಾಗಿ ಕಾಣಬೇಕು. ಅಗಲ ಪಟ್ಟಿಯಂತೆ ಮಸುಕಾದರೆ ಸೀಮ್ ತೂರಾಡುತ್ತಿದೆ. ದಿನಕ್ಕೆ 50 ಸಲ. ಹತ್ತರಲ್ಲಿ ಎಂಟು ಗೆರೆಯಾಗಿ ಬಂದ ಮೇಲೆ ಎದ್ದು ನಿಂತು ಐದು ಮೀಟರ್ ದೂರದ ಗೆಳೆಯನಿಗೆ ಮಣಿಕಟ್ಟಿನಿಂದಷ್ಟೇ ಹಾಕಿ. ಆಮೇಲೆ ಬಲ ಮೊಣಕಾಲೂರಿ ಅರ್ಧ ಪಿಚ್, ಅಂದರೆ 10 ಮೀಟರ್. ಆಮೇಲೆ ಎರಡೇ ಹೆಜ್ಜೆಯಿಂದ ಪೂರ್ತಿ ಪಿಚ್. ಕೊನೆಗೆ ಅರ್ಧ ರನ್‌ಅಪ್. ಪ್ರತಿ ಹಂತಕ್ಕೂ ಅದೇ ಹತ್ತರಲ್ಲಿ ಎಂಟರ ಪರೀಕ್ಷೆ. ದಾಟದಿದ್ದರೆ ಹಿಂದಿನ ಹಂತಕ್ಕೆ ವಾಪಸು. ಫೋನಿನ ಸ್ಲೋ ಮೋಷನ್ ಇಟ್ಟು ಕೀಪರ್ ಕಡೆಯಿಂದ, ಬಲೆಯ ಹಿಂದೆ ನಿಂತು ಚಿತ್ರೀಕರಿಸಿ. ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಸೀಮ್ ಕಾಣುವುದಿಲ್ಲ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ‘ಏಳು ದಿನದಲ್ಲಿ ಸ್ವಿಂಗ್’ ಎಂದು ಹಣ ಕೇಳುವವರ ಬಳಿ ಹೋಗಬೇಡಿ.

ಇಷ್ಟೆಲ್ಲ ಸರಿಯಾದ ಮೇಲೂ ಸ್ವಿಂಗ್ ಕಾಣದಿದ್ದರೆ ನಿಮ್ಮ ಲೆಂತ್, ಅಂದರೆ ಚೆಂಡು ನೆಲ ಮುಟ್ಟುವ ಜಾಗ ನೋಡಿ. ಪಕ್ಕಕ್ಕೆ ತಳ್ಳುವ ಬಲ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಚೆಂಡು ಸರಿಯುವ ದೂರ ಸಮಯದ ವರ್ಗದಂತೆ ಬೆಳೆಯುತ್ತದೆ. ದಾರಿಯ ಮೊದಲರ್ಧದಲ್ಲಿ ಕಾಲು ಭಾಗ, ಎರಡನೇ ಅರ್ಧದಲ್ಲಿ ಮುಕ್ಕಾಲು. ‘ಲೇಟ್ ಸ್ವಿಂಗ್’ ಎಂದು ಕಣ್ಣಿಗೆ ಕಾಣುವುದರ ಬಹುಪಾಲು ಇದೇ. ಬ್ಯಾಟರ್‌ನ ಸ್ಟಂಪ್‌ನಿಂದ ಎಂಟು ಮೀಟರ್ ಮುಂದೆ ಪಿಚ್ ಆಗುವ ಚೆಂಡಿಗಿಂತ ನಾಲ್ಕು ಮೀಟರ್ ಮುಂದೆ ಪಿಚ್ ಆಗುವ ಚೆಂಡು, ನೆಲ ಮುಟ್ಟುವ ಮೊದಲು ಸುಮಾರು ಎರಡರಷ್ಟು ಸರಿದಿರುತ್ತದೆ. ಡ್ರೈವ್ ಹೊಡೆಯುತ್ತಾರೆಂದು ಹೆದರಿ ಶಾರ್ಟ್ ಹಾಕುವವನಿಗೆ ಸ್ವಿಂಗ್ ಇದ್ದೂ ಇಲ್ಲದ ಹಾಗೆ. ಕವರ್‌ನಲ್ಲಿ ಎರಡು ಬೌಂಡರಿ ಹೋಗಲಿ, ಮುಂದೆ ಹಾಕಿ.

ಕೊನೆಯದಾಗಿ ಒಂದು ಎಚ್ಚರಿಕೆ, ಇದನ್ನು ನಿಮ್ಮ ತಂದೆ ತಾಯಿಗೂ ಓದಿಸಿ. ‘ಔಟ್‌ಸ್ವಿಂಗ್‌ಗೆ ಸೈಡ್‌ಆನ್ (ಬ್ಯಾಟರ್ ಕಡೆಗೆ ಮೈಯ ಪಕ್ಕ ಬರುವ ಹಾಗೆ) ಆಗಲೇಬೇಕು’ ಎಂದು ಯಾರಾದರೂ ನಿಮ್ಮ ಭುಜವನ್ನಷ್ಟೇ ತಿರುಗಿಸಲು ಹೇಳಿದರೆ ಒಪ್ಪಬೇಡಿ. ಸೊಂಟ ಒಂದು ದಿಕ್ಕು, ಭುಜ ಇನ್ನೊಂದು ದಿಕ್ಕು ಆದರೆ ಅದು ಮಿಕ್ಸೆಡ್ ಆ್ಯಕ್ಷನ್. ಬೆಳೆಯುವ ವಯಸ್ಸಿನ ವೇಗಿಗಳ ಕೆಳಬೆನ್ನಿನ ಮೂಳೆಯಲ್ಲಿ ಬಿರುಕು ಬಿಡಲು ಅದೊಂದು ದೊಡ್ಡ ಕಾರಣ. ಬಲಗೈ ಬೌಲರ್‌ಗೆ ಬೆನ್ನಿನ ಎಡಗಡೆ, ಹಿಂದಕ್ಕೆ ಬಾಗಿದಾಗ ಹೆಚ್ಚಾಗುವ ನೋವು ಬಂದರೆ ಅದೇ ದಿನ ಬೌಲಿಂಗ್ ನಿಲ್ಲಿಸಿ. ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿ ಟೂರ್ನಿ ಮುಗಿಸುವುದು ಬೇಡ. ಮೂಳೆ ವೈದ್ಯರಿಗೆ ‘ನಾನು ವೇಗದ ಬೌಲರ್’ ಎಂದು ಬಾಯಿಬಿಟ್ಟು ಹೇಳಿ, ಎಂಆರ್‌ಐ ಬೇಕೇ ಎಂದು ಕೇಳಿ.

ಪ್ರಶ್ನೆ: ಮೋಡ ಇದ್ದರೆ, ಗಾಳಿಯಲ್ಲಿ ತೇವ ಇದ್ದರೆ ಸ್ವಿಂಗ್ ಹೆಚ್ಚಲ್ಲವೇ? ಮಂಗಳೂರಲ್ಲಿ ಆಗಬೇಕು, ಬಳ್ಳಾರಿಯಲ್ಲಿ ಆಗಬಾರದು ತಾನೇ?

‘ತೇವದ ಗಾಳಿ ಭಾರ, ಅದಕ್ಕೇ ಸ್ವಿಂಗ್’ ಎನ್ನುವುದು ಶುದ್ಧ ತಪ್ಪು. ತೇವದ ಗಾಳಿ ಒಣ ಗಾಳಿಗಿಂತ ಹಗುರ. ಟಾಸ್‌ಗೆ ಮೊದಲು ಆಕಾಶ ನೋಡುವುದು ನಿಮ್ಮ ನಾಯಕನ ಕೆಲಸ, ನೀವು ಸೀಮ್ ನೋಡಿ.

ಪ್ರಶ್ನೆ: ಚೆಂಡಿನ ಒಂದು ಭಾಗ ಬೆವರಿನಿಂದ ನೆನೆಸಿ ಭಾರ ಮಾಡಿದರೆ ರಿವರ್ಸ್ ಆಗುತ್ತದೆ ಎಂದು ನಮ್ಮ ಕೋಚ್ ಹೇಳುತ್ತಾರೆ. ನನ್ನ ವೇಗ 115. ಎಷ್ಟು ನೆನೆಸಬೇಕು?

ನೆನೆಸಲೇಬೇಡಿ. ರಿವರ್ಸ್‌ಗೂ ಭಾರಕ್ಕೂ ಸಂಬಂಧವಿಲ್ಲ. ವೇಗ ಮತ್ತು ಒರಟುತನ ಸೇರಿ ಚೆಂಡಿನ ಎರಡೂ ಬದಿಯ ಗಾಳಿ ಮೊದಲೇ ಕಲಕಿದಾಗ ಸೀಮ್ ಇರುವ ಕಡೆಯ ಗಾಳಿಯೇ ಬೇಗ ಬಿಡುತ್ತದೆ, ಚೆಂಡು ಸೀಮ್‌ಗೆ ವಿರುದ್ಧ ಹೋಗುತ್ತದೆ. ಅದಕ್ಕೆ ಬೇಕಾದ್ದು ಒಣಗಿದ ಒರಟು ಭಾಗ. ಬೆವರು ಕೈಯ ಫೀಲ್ಡರ್ ಒಬ್ಬ ಆ ಭಾಗ ಮುಟ್ಟಿದರೆ ಅರ್ಧ ಗಂಟೆಯ ಶ್ರಮ ಹೋಯಿತು. ಚೆಂಡನ್ನು ಸೀಮ್ ಹಿಡಿದೇ ಎಸೆದುಕೊಳ್ಳಲು ತಂಡಕ್ಕೆ ಹೇಳಿ. 115ರ ವೇಗಕ್ಕೆ ಚೆಂಡು ತುಂಬಾ ಒರಟಾಗಿರಬೇಕು. ನಿಮ್ಮ ಬಂಡವಾಳ ಹೊಸ ಚೆಂಡು, ಅದನ್ನು ಸರಿಯಾಗಿ ಬಳಸಿ.

ಪ್ರಶ್ನೆ: ಮಗನಿಗೆ 11 ವರ್ಷ. ಇನ್‌ಸ್ವಿಂಗ್, ಔಟ್‌ಸ್ವಿಂಗ್ ಎರಡೂ ಒಟ್ಟಿಗೆ ಕಲಿಸಬಹುದೇ?

ಬೇಡ. ಈ ವಯಸ್ಸಿಗೆ ನೇರ ಸೀಮ್, ನೇರ ಓಟ, ಇಷ್ಟೇ. ಅವನ ಕೈಯಲ್ಲಿರುವುದು ದೊಡ್ಡವರ 156ರಿಂದ 163 ಗ್ರಾಂ ಚೆಂಡೇ ಎಂದು ಮೊದಲು ನೋಡಿ. ಮಕ್ಕಳ ಚೆಂಡು 133ರಿಂದ 144 ಗ್ರಾಂ. ಪುಟ್ಟ ಬೆರಳು ದೊಡ್ಡ ಚೆಂಡಿನ ಬೆನ್ನಿಗೆ ನಿಲ್ಲಲಾರದೆ ಪಕ್ಕಕ್ಕೆ ಜಾರುತ್ತದೆ. ಆ ಅಭ್ಯಾಸ ಬಿಡಿಸಲು ಆಮೇಲೆ ವರ್ಷಗಳೇ ಬೇಕು.

ಪ್ರಶ್ನೆ: ಟೆನ್ನಿಸ್ ಬಾಲ್‌ನಲ್ಲಿ ನನಗೆ ಭಾರಿ ಸ್ವಿಂಗ್ ಇದೆ, ಲೆದರ್‌ನಲ್ಲಿ ಯಾಕಿಲ್ಲ?

ಟೆನ್ನಿಸ್ ಬಾಲ್‌ಗೆ ಎದ್ದು ನಿಂತ ಸೀಮ್ ಇಲ್ಲ, ಅದನ್ನು ನೆಟ್ಟಗೆ ನಿಲ್ಲಿಸುವ ಕೆಲಸವೂ ಇಲ್ಲ. ಲೆದರ್‌ನಲ್ಲಿ ಅದೇ ಮುಖ್ಯ. ಮೇಲಿನ ಉತ್ತರವನ್ನು ಮೊದಲಿಂದ ಓದಿ.

ಪ್ರಶ್ನೆ: ಎಂಜಲು ಹಚ್ಚಬಹುದೇ? ಮೇಣ, ವ್ಯಾಸಲಿನ್ ಹಚ್ಚಿದರೆ ಹೊಳಪು ನಿಲ್ಲುತ್ತದಂತೆ.

ಎಂಜಲನ್ನು ಐಸಿಸಿ 2020ರಲ್ಲಿ ಕೋವಿಡ್ ಕಾರಣಕ್ಕೆ ನಿಲ್ಲಿಸಿತು, 2022ರ ಅಕ್ಟೋಬರ್ 1ರಿಂದ ಕಾಯಂ ನಿಷೇಧಿಸಿತು. 2025ರ ಐಪಿಎಲ್‌ನಲ್ಲಿ ಬಿಸಿಸಿಐ ಮತ್ತೆ ಬಿಟ್ಟುಕೊಟ್ಟಿದ್ದು ಆ ಟೂರ್ನಿಯ ಮಾತು, ನಿಮ್ಮ ಲೀಗ್‌ನದಲ್ಲ. ಬೆವರು ಹಚ್ಚಿ ಪ್ಯಾಂಟಿಗೆ ಉಜ್ಜಬಹುದು, ಒದ್ದೆಯಾದರೆ ಟವೆಲ್‌ನಿಂದ ಒರೆಸಬಹುದು, ಮಣ್ಣು ಮೆತ್ತಿದರೆ ಅಂಪೈರ್ ಮುಂದೆ ತೆಗೆಯಬಹುದು. ಮೇಣ, ವ್ಯಾಸಲಿನ್, ಪೆಪ್ಪರ್‌ಮಿಂಟ್ ರಸ, ಬಾಟಲಿ ಮುಚ್ಚಳ, ಉಗುರು, ಇವೆಲ್ಲ ಚೆಂಡು ವಿರೂಪವೇ. ದಂಡ ಐದು ರನ್, ಚೆಂಡೂ ಬದಲಾಗಬಹುದು. 2018ರಲ್ಲಿ ಕೇಪ್‌ಟೌನ್‌ನಲ್ಲಿ ಮರಳು ಕಾಗದ ಮೈದಾನಕ್ಕೆ ತಂದ ಪ್ರಕರಣಕ್ಕೆ ಆಸ್ಟ್ರೇಲಿಯಾದ ಸ್ಮಿತ್ ಮತ್ತು ವಾರ್ನರ್ ಒಂದೊಂದು ವರ್ಷ, ಬ್ಯಾಂಕ್ರಾಫ್ಟ್ ಒಂಬತ್ತು ತಿಂಗಳು ಹೊರಗಿದ್ದರು. ಹುಡುಗರಿಗೆ ಇದನ್ನು ಕಲಿಸಿಕೊಡುವ ಹಿರಿಯರು ಯಾವ ಅಕಾಡೆಮಿಯಲ್ಲಿದ್ದರೂ ಅಲ್ಲಿಂದ ನಿಮ್ಮ ಮಗುವನ್ನು ಕರೆದುಕೊಂಡು ಬನ್ನಿ.