ಡ್ಯಾನ್ ಲೀನೋ ಯಾರು? ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಅವರಿಗೆ ಅಷ್ಟು ಹೆಸರು ಹೇಗೆ ಬಂತು?

ಇಂಗ್ಲೆಂಡಿನ ಹಾಸ್ಯ ಕಲಾವಿದ, ನಿಜವಾದ ಹೆಸರು ಜಾರ್ಜ್ ವೈಲ್ಡ್ ಗಾಲ್ವಿನ್. ಹುಟ್ಟಿದ್ದು 1860ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಅಮ್ಮ ಮ್ಯೂಸಿಕ್ ಹಾಲ್‌ಗಳಲ್ಲಿ ಹಾಡಿ ಕುಣಿಯುತ್ತಿದ್ದವರು. ಜನ ಕುಡಿಯುತ್ತಾ ಹಾಡು, ಹಾಸ್ಯ ನೋಡುವ ಜಾಗ ಅದು. ಮನೆಯಲ್ಲಿ ಬಡತನ, ಹಾಗಾಗಿ ನಾಲ್ಕರ ಆಸುಪಾಸಿನಲ್ಲೇ ವೇದಿಕೆ ಹತ್ತಿದರು. ಲೀನೋ ಅನ್ನೋದು ಮಲತಂದೆಯ ವೇದಿಕೆಯ ಹೆಸರು.

ಮೊದಲು ಹೆಸರು ತಂದಿದ್ದು ಹಾಸ್ಯ ಅಲ್ಲ, ಕುಣಿತ. ಮರದ ಅಟ್ಟೆಯ ಶೂ ಹಾಕಿ ತಾಳ ಹೊಡೆಯುವ ಕ್ಲಾಗ್ ನೃತ್ಯದಲ್ಲಿ 1880ರಲ್ಲಿ ಲೀಡ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 1885ರಲ್ಲಿ ಲಂಡನ್ನಿಗೆ ಬಂದ ಮೇಲೆ ಜನ ಅವರ ಹಾಸ್ಯಕ್ಕೆ ಮರುಳಾದರು.

ನನಗೆ ತುಂಬಾ ಇಷ್ಟ ಅವರ ಮಿಸೆಸ್ ಕೆಲ್ಲಿ ಪ್ರಸಂಗ. ಬಡ ಹೆಂಗಸಿನ ವೇಷದಲ್ಲಿ ಬಂದು ಪಕ್ಕದ ಮನೆಯವಳ ಸುದ್ದಿ ಶುರು ಮಾಡುತ್ತಾರೆ. 'ನಿಮಗೆ ಮಿಸೆಸ್ ಕೆಲ್ಲಿ ಗೊತ್ತಲ್ವಾ?' ಅಂತ ಮತ್ತೆ ಮತ್ತೆ ಕೇಳುತ್ತಾರೆ, ಗೊತ್ತಿಲ್ಲ ಅಂದರೆ ನಂಬಲ್ಲ! ಸಾಲ, ಬಾಡಿಗೆ, ಗಂಡ ಹೆಂಡಿರ ಜಗಳ, ಎಲ್ಲಾ ನೋಡುವವರ ಬದುಕೇ. ಹಾಡು ನೆಪಕ್ಕಷ್ಟೇ, ನಡುವಿನ ಮಾತೇ ಅಸಲು.

1888ರಿಂದ 1904ರ ತನಕ ಡ್ರೂರಿ ಲೇನ್ ಥಿಯೇಟರಿನ ಕ್ರಿಸ್‌ಮಸ್ ನಾಟಕಗಳಲ್ಲೂ ಹೆಚ್ಚಾಗಿ ಹೆಂಗಸಿನ ಪಾತ್ರವೇ. 1901ರಲ್ಲಿ ದೊರೆ ಏಳನೇ ಎಡ್ವರ್ಡ್ ಮುಂದೆ ಆಡಿದರು. ಆಮೇಲೆ ಕುಡಿತ ಜಾಸ್ತಿಯಾಯಿತು. 1903ರಲ್ಲಿ ಮನಸ್ಸಿನ ಆರೋಗ್ಯ ಕೆಟ್ಟು ಆಸ್ಪತ್ರೆ ಸೇರಿದರು. 1904ರ ಅಕ್ಟೋಬರ್ 31ರಂದು ತೀರಿಕೊಂಡಾಗ ಬರೀ 43 ವರ್ಷ.

ಕೊನೆಯ ವರ್ಷಗಳಲ್ಲಿ ಮಾಡಿದ ಗ್ರಾಮಫೋನ್ ರೆಕಾರ್ಡುಗಳು ಉಳಿದಿವೆ, ಖಂಡಿತ ಕೇಳಿ.