ಮರಳುಗಾಡಿನಲ್ಲಿ ಮೀನು ಹಿಡಿದವರು

ಪ್ರಶ್ನೆ: ಸಹಾರಾ ಮರುಭೂಮಿ ಹಿಂದೆ ಹಸಿರಾಗಿತ್ತು ಅಂತ ಮಗಳು ಶಾಲೆಯಿಂದ ಕೇಳಿಕೊಂಡು ಬಂದಿದ್ದಾಳೆ. ಮುಂಗಾರು ಒಂದು ವಾರ ತಡವಾದರೇ ನಮಗೆ ಜೀವ ಬಾಯಿಗೆ ಬರುತ್ತದೆ. ಮಳೆಯೇ ಹೋದಾಗ ಅಲ್ಲಿನ ಜನ ಏನು ಮಾಡಿದರು? ನಮ್ಮ ಕಡೆಯ ಮಳೆಯೂ ಹೀಗೆ ಏರುಪೇರಾಗಿತ್ತೇ?
– ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲ್ಲೂಕು

ಉತ್ತರ: ಮಗಳು ಹೇಳಿದ್ದು ಸರಿ. ಸುಮಾರು 11,000ದಿಂದ 5,000 ವರ್ಷಗಳ ಹಿಂದಿನವರೆಗೆ ಸಹಾರಾದಲ್ಲಿ ಹುಲ್ಲುಗಾವಲು, ಕೆರೆ, ನೀರಾನೆ ಎಲ್ಲ ಇದ್ದವು.

ಭೂಮಿ ಬುಗುರಿ ಹಾಗೆ ಓಲಾಡುತ್ತದೆ. ಹಾಗಾಗಿ ಅದು ಸೂರ್ಯನಿಗೆ ಹತ್ತಿರವಾಗುವ ತಿಂಗಳು ಸಾವಿರಾರು ವರ್ಷಗಳಲ್ಲಿ ಬದಲಾಗುತ್ತ ಹೋಗುತ್ತದೆ. ಈಗ ಅದು ಸೂರ್ಯನಿಗೆ ತೀರಾ ಹತ್ತಿರ ಬರುವುದು ಜನವರಿಯಲ್ಲಿ. ಸಹಾರಾ ಹಸಿರಾಗಿದ್ದ ಕಾಲದಲ್ಲಿ ನಮ್ಮ ಮುಂಗಾರಿನ ತಿಂಗಳುಗಳಲ್ಲೇ ಬರುತ್ತಿತ್ತು. ನೆಲ ಜಾಸ್ತಿ ಕಾದು ಕಡಲ ಗಾಳಿಯನ್ನು ದೂರದವರೆಗೆ ಎಳೆಯಿತು. ಮಳೆ ಸಹಾರಾದೊಳಗೆ ನುಗ್ಗಿತು.

ಜನ ಏನು ಮಾಡಿದರು ಅನ್ನುವುದಕ್ಕೆ ನೈಜರ್ ದೇಶದ ಗೊಬೆರೊ ನೋಡಬೇಕು. ಒಣಗಿದ ಕೆರೆಯ ದಡದ ಈ ಸ್ಮಶಾನ ಸಿಕ್ಕಿದ್ದು 2000ದಲ್ಲಿ. ಮೊದಲು ಇದ್ದವರು ಮೀನುಗಾರರು. ಮೂಳೆಯ ಮುಳ್ಳೀಟಿಯಿಂದ ದೊಡ್ಡ ದೊಡ್ಡ ಮೀನು ಹೊಡೆಯುತ್ತಿದ್ದರು. ಮೊದಲ ಮಳೆಗೆ ಕತ್ತಿ, ಬ್ಯಾಟರಿ ಹಿಡಿದು ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಕಡಿಯಲು ಹೋಗುವ ನಮ್ಮವರಿಗೆ ಇವರು ನೆಂಟರೇ ಅಲ್ವಾ! ಹಸಿರು ಕಾಲದ ನಡುವೆಯೇ, ಸುಮಾರು 8,000 ವರ್ಷಗಳ ಹಿಂದೆ, ಕೆರೆ ಬತ್ತಿತು. ಅವರು ಜಾಗ ಬಿಟ್ಟರು. ಸಾವಿರ ವರ್ಷ ಅಲ್ಲಿ ಯಾರೂ ಇಲ್ಲ. ನೀರು ಮರಳಿದಾಗ ಬಂದವರು ಬೇರೆಯೇ ಜನ. ಅವರ ಒಂದು ಗುಂಡಿಯಲ್ಲಿ ತಾಯಿಯಂಥ ಹೆಂಗಸು, ಎರಡು ಮಕ್ಕಳು ಕೈ ಚಾಚಿಕೊಂಡು ಮಲಗಿದ್ದಾರೆ. ಕೆಳಗೆ ಹೂವಿನ ಪರಾಗ ಸಿಕ್ಕಿದೆ. ಹೂ ಹಾಸಿ ಮಲಗಿಸಿದ್ದರು ಅಂತ ಕಾಣುತ್ತದೆ. ಇನ್ನೊಬ್ಬ ಹುಡುಗಿಯ ತೋಳಲ್ಲಿ ನೀರಾನೆ ಕೋರೆಯ ಬಳೆ ಇತ್ತು.

ಸುಮಾರು 4,500 ವರ್ಷಗಳ ಹಿಂದೆ ಅವರೂ ಹೋದರು. ಸಹಾರಾ ಒಣಗುತ್ತ ಬಂದಂತೆ ದನಗಾಹಿಗಳು ಕೆಲವರು ದಕ್ಷಿಣಕ್ಕೆ ಸರಿದರು, ಕೆಲವರು ನೈಲ್ ದಡ ಸೇರಿದರು, ಕೆಲವರು ಒರತೆ ಇದ್ದಲ್ಲೇ ಉಳಿದರು. ಹಾಗಾಗಿ ‘ಬರ ಬಂತು, ಈಜಿಪ್ಟ್ ನಾಗರಿಕತೆ ಹುಟ್ಟಿತು’ ಅಂತ ಸುಮ್ನೆ ಒಂದು ಸಾಲಲ್ಲಿ ಹೇಳಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಬರ ಒಂದೇ, ದಾರಿ ಹಲವು.

ಇನ್ನು ನಮ್ಮ ಮಳೆ. ನೀಲಗಿರಿಯ ಜೌಗಿನಲ್ಲಿ ಸೊಪ್ಪುಸದೆ ಕೊಳೆತು ಪದರ ಪದರವಾಗಿ ಕೂತ ಕರಿಮಣ್ಣಿದೆ. ಒಣ ಹವೆಯ ಹುಲ್ಲು ಆ ಮಣ್ಣಲ್ಲಿ ಉಳಿಸಿಹೋಗುವ ಇಂಗಾಲದ ಗುರುತೇ ಬೇರೆ, ಮರ ಉಳಿಸುವುದೇ ಬೇರೆ. ಅದನ್ನು ಅಳೆದರೆ, ಸುಮಾರು 20,000 ವರ್ಷಗಳ ಹಿಂದೆ ಒಣ ಹವೆಯ ಹುಲ್ಲೇ ಹೆಚ್ಚಿತ್ತು, ಅಂದರೆ ಮುಂಗಾರು ಸೊರಗಿತ್ತು ಅಂತ ತಿಳಿಯುತ್ತದೆ. ಹಿಮಯುಗದ ಆ ಕಾಲದಲ್ಲಿ ಕಡಲೂ 120 ಮೀಟರ್‌ನಷ್ಟು ಕೆಳಗಿತ್ತು. ಶರಾವತಿ ಕಡಲು ಸೇರಲು ಹೊನ್ನಾವರ ದಾಟಿ ಇನ್ನೂ ದೂರ ಹರಿಯಬೇಕಿತ್ತು! ಮಳೆ ಮತ್ತೆ ಜೋರಾಗಿದ್ದು ಸಹಾರಾ ಹಸಿರಾದ ಹೊತ್ತಿಗೇ.

ಊರಿನ ಕೆರೆ ಹೂಳು ತೆಗೆಸುವಾಗ ಮಗಳನ್ನು ಕರೆದುಕೊಂಡು ಹೋಗಿ. ಜೆಸಿಬಿ ಕಡಿದ ಅಂಚಿನಲ್ಲಿ ಕರಿ ಪದರ, ಮರಳು ಪದರ ಕಂಡರೆ ತೋರಿಸಿ. ಮಳೆ ಹಿಡಿಯುವ ಮೊದಲೇ ಹೋಗಿ, ಆಮೇಲೆ ಉಂಬಳದ ಕಾಟ.